ಮಳೆ ನಿಂತ ಮೇಲೆ ಎರೆಯವ್ವ ಹೊರಗೆ ಬರುವುದೇಕೆ

ಎರೆಯವ್ವನ ಮನೆತನ ಅಂತಿಂಥ ಮನೆತನವಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಯಾರೂ ಗೊತ್ತಿರಲಿಲ್ಲ ಎನ್ನಬಾರದು.

ಜಗತ್ತು ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಎತ್ತ ಹರಿಯಬೇಕು ಎಂದು ಹಳ್ಳಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಭೂಮಿತಾಯಿಯ ಮೈಮೇಲೆ ಮಣ್ಣೇ ಇರಲಿಲ್ಲ, ಇದ್ದದ್ದು ಬರೀ ಕಲ್ಲಿನ ಹುಡಿ.

ಆಗಲೇ ಎರೆಯವ್ವನ ಮುತ್ತಜ್ಜಿ ಅಲ್ಲಿದ್ದಳು. ಕಲ್ಲಿನ ಹುಡಿಯನ್ನು ತಿಂದು, ಉದುರಿದ ಹಣ್ಣೆಲೆಯನ್ನು ತಿಂದು, ಎರಡನ್ನೂ ಹೊಟ್ಟೆಯಲ್ಲಿ ನುಣ್ಣಗೆ ಅರೆದು, ಜಗತ್ತಿನ ಮೊದಲ ಹಿಡಿ ಮಣ್ಣನ್ನು ಮಾಡಿದವಳು ಅವಳೇ. ಭೂಮಿತಾಯಿ ಮೆಚ್ಚಿ ಅವಳ ಕೊರಳ ಕೆಳಗೆ ಒಂದು ನುಣುಪಾದ ಪಟ್ಟಿ ತೊಡಿಸಿದಳು. ಅಂದಿನಿಂದ ಆ ಮನೆಯಲ್ಲಿ ಹುಟ್ಟಿ ದೊಡ್ಡವರಾದವರಿಗೆಲ್ಲ ಆ ಪಟ್ಟಿ ಉಂಟು. ಬೇಕಾದರೆ ನೋಡಿಕೊಳ್ಳಿ. ಮುಟ್ಟಬೇಡಿ.

ಇಂಥ ಮನೆತನದ ಹಿರಿಯಳು ಎರೆಯವ್ವ. ಅವಳಿಗೆ ಬೆನ್ನುಮೂಳೆ ಇರಲಿಲ್ಲ. ಆದರೂ ಅವಳು ಯಾರ ಮುಂದೆಯೂ ಬೆನ್ನು ಬಗ್ಗಿಸಿದವಳಲ್ಲ. ಅವಳ ಮನೆಗೆ ಬಾಗಿಲಿರಲಿಲ್ಲ. ಆದರೂ ಕೇಳದೆ ಯಾರೂ ಒಳಗೆ ಬರುವಂತಿರಲಿಲ್ಲ. ಅರ್ಧ ತಿಂದ ಎಲೆಯನ್ನು ಬಿಟ್ಟು ಏಳುವುದು, ಬಿಸಿಲಿಗೆ ಮೈಯೊಡ್ಡಿ ಅಲೆಯುವುದು, ಹಿರಿಯರು ತೋಡಿದ ದಾರಿಯನ್ನು ಕೆಡಿಸುವುದು, ಇವೆಲ್ಲ ಎರೆಯವ್ವನ ಮನೆಯಲ್ಲಿ ನಡೆಯುತ್ತಿರಲಿಲ್ಲ.

ಅವಳ ಮನೆ ಇದ್ದದ್ದು ಬೊಮ್ಮಕ್ಕನ ಹೊಲದಲ್ಲಿ.

ಬೊಮ್ಮಕ್ಕ ಮತ್ತು ಅವಳ ತಮ್ಮ ದೇಸಪ್ಪ ಆ ಸೀಮೆಯ ಮೊದಲ ಒಕ್ಕಲುಮಕ್ಕಳು. ನಡುವೆ ಒಂದು ಬದು. ಬದುವಿನ ಮೇಲೆ ಒಂದು ಬನ್ನಿಮರ. ಈಚೆಗೆ ಅಕ್ಕನ ಹೊಲ, ಆಚೆಗೆ ತಮ್ಮನ ಹೊಲ. ಮಣ್ಣು ಒಂದೇ, ಬಿಸಿಲು ಒಂದೇ, ಬೇಸಾಯ ಮಾತ್ರ ಬೇರೆ.

ದೇಸಪ್ಪನಿಗೆ ಹೊಲ ಎಂದರೆ ಗುಡಿಸಿದ ಅಂಗಳದ ಹಾಗೆ ಇರಬೇಕು. ಕೊಯ್ಲು ಮುಗಿದದ್ದೇ ತಡ, ನೆಲದಲ್ಲಿ ಉಳಿದ ಕೂಳೆಗೆ ಬೆಂಕಿ ಹಾಕುತ್ತಿದ್ದ. ಮೊಣಕಾಲುದ್ದ ನೇಗಿಲು ಇಳಿಸಿ ಉಳುತ್ತಿದ್ದ. ಉತ್ತದ್ದನ್ನು ಮತ್ತೆ ಉಳುತ್ತಿದ್ದ. ವರ್ಷ ವರ್ಷವೂ ಜೋಳ, ಬರೀ ಜೋಳ.

ಬೊಮ್ಮಕ್ಕ ಮಣ್ಣನ್ನು ಮೇಲೆ ಮೇಲೆ ಕೆದಕಿ ಬಿತ್ತುತ್ತಿದ್ದಳು. ಜೋಳದ ನಡುವೆ ತೊಗರಿ, ಹೆಸರು, ಅವರೆಯ ಅಕ್ಕಡಿ ಸಾಲು ಹಾಕುತ್ತಿದ್ದಳು. ಕೊಯ್ಲಾದ ಮೇಲೆ ದಂಟು, ಎಲೆ, ಹೊಟ್ಟು ಎಲ್ಲವನ್ನೂ ಹೊಲದ ಮೇಲೆಯೇ ಹೊದಿಸಿ ಬಿಡುತ್ತಿದ್ದಳು.

"ಅಕ್ಕಾ, ನಿನ್ನ ಹೊಲ ಬಾಚದ ತಲೆ ಇದ್ದ ಹಾಗಿದೆ," ಎಂದು ದೇಸಪ್ಪ ಬದುವಿನ ಮೇಲೆ ನಿಂತು ನಗುತ್ತಿದ್ದ.

"ಬೋಳು ತಲೆಗಿಂತ ಬಾಚದ ತಲೆ ಮೇಲು ಕಣೋ," ಎಂದು ಬೊಮ್ಮಕ್ಕ ಕೂತಲ್ಲಿಂದಲೇ ಹೇಳುತ್ತಿದ್ದಳು.

ಹೀಗೇ ಮೂರು ಬೆಳೆ ಕಳೆದವು.

ಒಂದು ದಿನ ಭೂಮಿತಾಯಿ ಹೇಳಿದಳು, "ಮಕ್ಕಳೇ, ಯಾಕೋ ನನ್ನ ಬೆನ್ನು ಒಂದು ಕಡೆ ತಂಪಾಗಿದೆ, ಹಗುರಾಗಿದೆ. ಇನ್ನೊಂದು ಕಡೆ ಬಿಗಿಯುತ್ತಿದೆ, ಉರಿಯುತ್ತಿದೆ. ಯಾವ ಹೊಲ ಎತ್ತ ಇದೆ ಎಂದು ನನಗೆ ತಿಳಿಯದು. ತಮ್ಮ ಬೆನ್ನು ತಮಗೆ ಯಾರಿಗೆ ಕಾಣುತ್ತದೆ? ಯಾರಾದರೂ ಅಳೆದು ನೋಡಿ ಹೇಳಿ. ಯಾವ ಹೊಲದಲ್ಲಿ ಜೀವ ಹೆಚ್ಚಿದೆಯೋ ಆ ಹೊಲದ ಬೇಸಾಯವನ್ನೇ ಇಬ್ಬರೂ ಮಾಡಬೇಕು."

"ಆಗಲಿ ತಾಯಿ," ಎಂದಳು ಬೊಮ್ಮಕ್ಕ.

"ಆಗಲಿ ತಾಯಿ," ಎಂದ ದೇಸಪ್ಪ. ಅವನಿಗೆ ಆಗಲೇ ಗೆದ್ದಷ್ಟು ಖುಷಿ.

ಅಳೆಯುವವರು ಯಾರು? ಹಳ್ಳಕ್ಕೆ ನಿಂತು ಎಣಿಸಲು ಪುರುಸೊತ್ತಿಲ್ಲ. ಗಾಳಿಗೆ ಎಣಿಕೆ ಐದರ ಮೇಲೆ ಬಾರದು. ಆಗ ಬೆಳ್ಳಕ್ಕಿರಾಯ ಮುಂದೆ ಬಂದ. ಮೈಮೇಲೆ ಒಂದು ಕಲೆಯಿಲ್ಲದ ಬಿಳಿಯ ಉಡುಪು. ಉದ್ದ ಕಾಲು, ಉದ್ದ ಕತ್ತು, ಮುಖದ ತುಂಬ ಗಾಂಭೀರ್ಯ.

"ನನಗೆ ಒಪ್ಪಿಸಿ," ಎಂದ. "ಹುಳು ಹುಪ್ಪಟೆಯ ವಿಷಯದಲ್ಲಿ ನನ್ನಷ್ಟು ಅನುಭವ ಇರುವವರು ಈ ಸೀಮೆಯಲ್ಲಿ ಇಲ್ಲ."

ಅದೇನೋ ನಿಜವೇ.

ಮರುದಿನ ಬೆಳಿಗ್ಗೆ ದೇಸಪ್ಪ ಎತ್ತು ಹೂಡಿ ನೇಗಿಲು ಹೊಡೆಯುತ್ತಿದ್ದ. ಬೆಳ್ಳಕ್ಕಿರಾಯ ನೇಗಿಲಿನ ಹಿಂದೆ ಹಿಂದೆ ಹೆಜ್ಜೆ ಹಾಕಿದ. ನೇಗಿಲು ಮಣ್ಣನ್ನು ಮಗುಚಿದ ಹಾಗೆಲ್ಲ, ಒಳಗೆ ಅಡಗಿದ್ದ ಹುಳುಗಳು ಮೇಲಕ್ಕೆ ಬಂದು ಬಿದ್ದವು.

"ಒಂದು," ಎಂದ ಬೆಳ್ಳಕ್ಕಿರಾಯ. ಗುಳುಂ.

"ಎರಡು." ಗುಳುಂ.

"ಮೂರು." ಗುಳುಂ.

ಹೊಲ ಮುಗಿಯುವಾಗ ಲೆಕ್ಕ ಅರವತ್ತಮೂರಕ್ಕೆ ಬಂದಿತ್ತು. ಹೊಟ್ಟೆಯೂ ತುಂಬಿತ್ತು.

ನಡುಮಧ್ಯಾಹ್ನ ಅವನು ಬೊಮ್ಮಕ್ಕನ ಹೊಲಕ್ಕೆ ಬಂದ. ಒಂಟಿಕಾಲಿನಲ್ಲಿ ನಿಂತ. ಕಾದ. ಎಲೆಯ ಹೊದಿಕೆ ಅಲುಗಲಿಲ್ಲ. ಕಾಲು ಬದಲಿಸಿದ. ಕಾದ. ಸಂಭಾವಿತರ ಮನೆಯವರು ಯಾರಾದರೂ ಆ ಬಿಸಿಲಲ್ಲಿ ಹೊರಗೆ ಬರುತ್ತಾರೆಯೇ? ಎಲ್ಲರೂ ತಣ್ಣಗೆ ಒಳಗಿದ್ದರು. ಬೆಳ್ಳಕ್ಕಿರಾಯನಿಗೆ ತೂಕಡಿಕೆ ಬಂತು. "ಸೊನ್ನೆ," ಎಂದುಕೊಂಡು ಹೊರಟ.

ಸಂಜೆ ಬನ್ನಿಮರದ ಕೆಳಗೆ ಎಲ್ಲರೂ ಕೂಡಿದರು.

"ದೇಸಪ್ಪನ ಹೊಲದಲ್ಲಿ ಅರವತ್ತಮೂರು ಜೀವ," ಎಂದ ಬೆಳ್ಳಕ್ಕಿರಾಯ. "ಬೊಮ್ಮಕ್ಕನ ಹೊಲದಲ್ಲಿ ಒಂದೂ ಇಲ್ಲ. ಅಷ್ಟೇ ಅಲ್ಲ. ಬೊಮ್ಮಕ್ಕ, ನೀನು ಹೊದಿಸಿದ ಎಲೆ ದಿನಕ್ಕಿಷ್ಟು ಕಡಿಮೆಯಾಗುತ್ತಿಲ್ಲವೇ?"

"ಆಗುತ್ತಿದೆ," ಎಂದಳು ಬೊಮ್ಮಕ್ಕ. "ಮಂಡಿಯೆತ್ತರ ಹಾಕಿದ್ದು ಈಗ ನಾಲ್ಕು ಬೆರಳೂ ಇಲ್ಲ. ಎಲ್ಲಿ ಹೋಯಿತೋ ಗೊತ್ತಿಲ್ಲ."

"ನನಗೆ ಗೊತ್ತು. ನಿನ್ನ ಹೊಲದಲ್ಲಿ ಎರೆಯವ್ವ ಎಂಬವಳು ಒಬ್ಬಳಿದ್ದಾಳೆ. ಎಣಿಕೆಗೆ ಸಿಗುವುದಿಲ್ಲ, ಎಲೆ ಎಳೆದುಕೊಂಡು ಹೋಗುತ್ತಾಳೆ. ಕಳ್ಳಿ."

ಬೊಮ್ಮಕ್ಕ ತನ್ನ ಹೊಲದ ಕಡೆ ನೋಡಿದಳು. "ಇರಬಹುದೇನೋ," ಎಂದಳು ಮೆಲ್ಲಗೆ.

"ಹಾಗಾದರೆ ನಾಳೆ ಬೆಳಿಗ್ಗೆ ಅಕ್ಕನ ಹೊಲಕ್ಕೂ ಬೆಂಕಿ," ಎಂದ ದೇಸಪ್ಪ. "ಆಮೇಲೆ ನನ್ನ ದೊಡ್ಡ ನೇಗಿಲು!"

ಗಾಳಿಗೆ ಮಾತು ಹೊಟ್ಟೆಯಲ್ಲಿ ಉಳಿಯುವುದಿಲ್ಲ. ಅದು ಓಡಿ ಬಂದು ಎರೆಯವ್ವನ ಬಿಲದ ಬಾಯಿಗೆ ಬಾಯಿಟ್ಟಿತು.

"ಎರೆಯವ್ವಾ, ಎರೆಯವ್ವಾ, ಕೇಳಿದೆಯಾ?"

"ಕೇಳಿದಿರಾ," ಎಂದಿತು ಒಳಗಿನಿಂದ ಒಂದು ಸ್ವರ.

"ಹಾಂ?"

"ಕೇಳಿದೆಯಾ ಅಲ್ಲ. ಕೇಳಿದಿರಾ. ಇದು ಮನೆ, ಸಂತೆಯಲ್ಲ. ಈಗ ಹೇಳು, ಮೆಲ್ಲಗೆ."

ಗಾಳಿ ಮೆಲ್ಲಗೆ ಎಲ್ಲವನ್ನೂ ಹೇಳಿತು. ಬೆಂಕಿಯ ಮಾತು ಹೇಳಿತು, ನೇಗಿಲಿನ ಮಾತು ಹೇಳಿತು. ಕೊನೆಗೆ ಕಳ್ಳಿ ಎಂದ ಮಾತನ್ನೂ ಹೇಳಿತು.

ಎರೆಯವ್ವ ತನ್ನ ಮನೆಯನ್ನು ನೋಡಿದಳು. ಮುತ್ತಜ್ಜಿಯ ಕಾಲದಿಂದ ತೋಡಿದ ದಾರಿಗಳು. ಎಲೆಯ ಹೊದಿಕೆಯ ಕೆಳಗೆ, ಬೆರಳಾಳದಲ್ಲಿ, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಹನ್ನೊಂದು ಮೊಟ್ಟೆಗೂಡುಗಳು. ಬೆಂಕಿ ಬಿದ್ದರೆ ಮೊದಲು ಬೇಯುವುದು ಅವು. ನೇಗಿಲು ಬಿದ್ದರೆ ಮೊದಲು ಮಗುಚುವುದು ಅವು.

"ಮೊಟ್ಟೆಗಳ ಮಾತು ಭೂಮಿತಾಯಿಗೆ ಬಿಟ್ಟದ್ದು," ಎಂದಳು ಎರೆಯವ್ವ. "ಕಳ್ಳಿ ಎಂಬ ಮಾತು ಮಾತ್ರ ನನಗೆ ಬಿಟ್ಟದ್ದು. ಬೆಳಗಾಗಲಿ. ನಾನೇ ಹೋಗುತ್ತೇನೆ."

"ಬಿಸಿಲಲ್ಲಿ? ಒಣಗಿ ಹೋಗುತ್ತೀಯ!"

"ಹೋಗುತ್ತೀರಿ."

"ಒಣಗಿ ಹೋಗುತ್ತೀರಿ!"

"ಹೋದರೆ ನೆಟ್ಟಗೇ ಒಣಗುತ್ತೇನೆ."

ಬೆಳಗಾಯಿತು. ದೇಸಪ್ಪ ಕೊಳ್ಳಿ ಹಿಡಿದು ಬದು ದಾಟಿದ. ಬೆಳ್ಳಕ್ಕಿರಾಯ ಹಿಂದೆ ಹಿಂದೆ ಬಂದ. ಬೊಮ್ಮಕ್ಕ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಆಗ ಎಲೆ ಅಲುಗಿತು. ಹೊದಿಕೆಯ ನಡುವಿನಿಂದ ಎರೆಯವ್ವ ಮೇಲೆ ಬಂದಳು. ಕೊರಳ ಪಟ್ಟಿ ಬಿಸಿಲಿಗೆ ಮಿನುಗಿತು.

"ದೇಸಪ್ಪ, ಆ ಕೊಳ್ಳಿ ಕೆಳಗಿಡು. ದೊಡ್ಡವರ ಮುಂದೆ ಬೆಂಕಿ ಹಿಡಿದು ನಿಲ್ಲುವುದು ಮರ್ಯಾದೆಯಲ್ಲ."

ಯಾಕೋ ಏನೋ, ದೇಸಪ್ಪ ಕೊಳ್ಳಿಯನ್ನು ಕಲ್ಲಿನ ಮೇಲೆ ಇಟ್ಟುಬಿಟ್ಟ.

"ಬೆಳ್ಳಕ್ಕಿರಾಯರೇ, ನಿಮ್ಮ ಲೆಕ್ಕದಲ್ಲಿ ಅರವತ್ತಮೂರು ಜೀವ. ಅಲ್ಲವೇ?"

"ಹೌದು. ಒಂದೂ ತಪ್ಪಿಲ್ಲ."

"ಆ ಅರವತ್ತಮೂರು ಜೀವ ಈಗ ಎಲ್ಲಿವೆ? ಕರೆಯಿರಿ. ಮತ್ತೊಮ್ಮೆ ಎಣಿಸೋಣ."

ಬೆಳ್ಳಕ್ಕಿರಾಯ ಆಕಾಶ ನೋಡಿದ. ಅವನ ಹೊಟ್ಟೆ ಗುರ್ ಎಂದಿತು.

"ಅವು... ಭದ್ರವಾಗಿವೆ," ಎಂದ.

ಗಾಳಿಗೆ ನಗು ತಡೆಯಲಾಗಲಿಲ್ಲ. ಬನ್ನಿಮರ ಎಲೆ ಎಲೆಯೂ ಅಲುಗುವ ಹಾಗೆ ನಕ್ಕಿತು. ದೇಸಪ್ಪ ಒಮ್ಮೆ ಬೆಳ್ಳಕ್ಕಿಯ ಹೊಟ್ಟೆ ನೋಡಿದ, ಒಮ್ಮೆ ತನ್ನ ಹೊಲ ನೋಡಿದ.

"ಹಾಗಾದರೆ ನನ್ನ ಹೊಲದಲ್ಲಿ ಈಗ ಎಷ್ಟಿವೆ?" ಎಂದು ಕೇಳಿದ.

"ಅದನ್ನೇ ಅಳೆಯಬೇಕಾದದ್ದು," ಎಂದಳು ಎರೆಯವ್ವ. "ಹೊರಗೆ ಬಿದ್ದವರನ್ನು ಎಣಿಸಿದರೆ ಮನೆಯ ಸುಖ ತಿಳಿಯುವುದಿಲ್ಲ. ಒಳಗೆ ಇರುವವರನ್ನು ಎಣಿಸಬೇಕು. ಎರಡೂ ಹೊಲದಲ್ಲಿ ಒಂದು ಗೇಣುದ್ದ, ಒಂದು ಗೇಣಗಲ, ಒಂದು ಗೇಣಾಳ ಅಗೆಯಿರಿ. ಒಂದು ಬೆಳಿಗ್ಗೆ, ಒಂದು ಮಧ್ಯಾಹ್ನ ಬೇಡ, ಎರಡನ್ನೂ ಈ ಬೆಳಗಿನಲ್ಲೇ ಅಗೆಯಿರಿ. ಎಣಿಸಿದ ಮೇಲೆ ಎಲ್ಲರನ್ನೂ ಇದ್ದಲ್ಲಿಗೇ ಬಿಡಬೇಕು. ಎಣಿಸುವಾಗ ಯಾರೂ ಬಾಯಿ ತೆರೆಯಕೂಡದು." ಕೊನೆಯ ಮಾತನ್ನು ಅವಳು ಬೆಳ್ಳಕ್ಕಿಯ ಕಡೆ ನೋಡಿ ಹೇಳಿದಳು.

"ಹಾಗೇ ಆಗಲಿ," ಎಂದಳು ಭೂಮಿತಾಯಿ.

ಮೊದಲು ದೇಸಪ್ಪ ತನ್ನ ಹೊಲದಲ್ಲಿ ಅಗೆದ. ಮೇಲಿನ ಮಣ್ಣು ಬೂದಿಯಂತೆ ಹಾರಿತು. ಅದರ ಕೆಳಗೆ ಸಲಿಕೆ ಟಣ್ ಎಂದಿತು. ಬೆವರು ಸುರಿಸಿ ಒಂದು ಗೇಣು ತೆಗೆದ. ಕೈಯಲ್ಲಿ ಹುಡುಕಿದ. ಎರಡು ಇರುವೆ ಸಿಕ್ಕವು.

"ಎರಡು!" ಎಂದ ದೇಸಪ್ಪ.

"ನಮ್ಮನ್ನು ಎಣಿಸಬೇಡಿ ಅಣ್ಣಾ," ಎಂದವು ಇರುವೆಗಳು. "ನಾವು ಈ ಕಡೆಯವರಲ್ಲ. ಬೊಮ್ಮಕ್ಕನ ಹೊಲಕ್ಕೆ ಹೊರಟಿದ್ದೆವು, ದಾರಿ ತಪ್ಪಿತು. ಎತ್ತ ಹೋಗಬೇಕು?"

ದೇಸಪ್ಪ ಬದುವಿನ ಕಡೆ ಕೈ ತೋರಿಸಿದ.

ಆಮೇಲೆ ಬೊಮ್ಮಕ್ಕ ತನ್ನ ಹೊಲದಲ್ಲಿ ಅಗೆದಳು. ಎಲೆ ಸರಿಸಿದಳು. ಸಲಿಕೆ ಇಳಿದದ್ದೇ ಅವಳಿಗೆ ಗೊತ್ತಾಗಲಿಲ್ಲ. ಒಂದು ಗೇಣು ಮಣ್ಣನ್ನು ಮೊರಕ್ಕೆ ಸುರಿದಳು. ಮಳೆ ಬಂದು ಹೋದಾಗ ಬರುತ್ತದಲ್ಲ, ಆ ವಾಸನೆ ಘಮ್ಮೆಂದು ಎದ್ದಿತು.

ಆಗ ಶುರುವಾಯಿತು ನೋಡಿ ಮೆರವಣಿಗೆ! ಎರೆಹುಳುಗಳು ಸಣ್ಣವು ದೊಡ್ಡವು ಹದಿನೇಳು. ಎಲ್ಲವೂ ಹಿರಿತನದ ಸಾಲಿನಲ್ಲಿ ಬಂದವು. ಆ ಮನೆಯಲ್ಲಿ ಹಾಗೇ ಬರಬೇಕು. ಸಗಣಿಹುಳ ತನ್ನ ಉಂಡೆ ಉರುಳಿಸಿಕೊಂಡೇ ಬಂತು, "ದಾರಿ ಬಿಡಿ, ಕೆಲಸ ಇದೆ" ಎನ್ನುತ್ತ. ಜೇಡ ಬಂತು. ಇರುವೆಗಳ ಒಂದು ಕೇರಿಯೇ ಬಂತು. ಸಹಸ್ರಪದಿ ಬಂದು, "ತಲೆ ಎಣಿಸಿ, ಕಾಲು ಎಣಿಸಬೇಡಿ. ಇವತ್ತಿಗೆ ಮುಗಿಯುವುದಿಲ್ಲ," ಎಂದು ಸುರುಳಿ ಸುತ್ತಿಕೊಂಡಿತು. ಎಳ್ಳಿಗಿಂತ ಚಿಕ್ಕ ಬಿಳಿಯ ಹುಳುಗಳು ಒಗ್ಗರಣೆಯ ಸಾಸಿವೆಯಂತೆ ಟಪಟಪ ನೆಗೆದವು. ಅವುಗಳನ್ನು ಎಣಿಸಲು ಹೋಗಿ ಗಾಳಿ, "ಐದು, ಐದು, ಮತ್ತೆ ಐದು," ಎಂದು ಸುಸ್ತಾಯಿತು. ಅಣಬೆಯ ಬಿಳಿ ನೂಲು ತೊಗರಿಯ ಬೇರಿಗೂ ಜೋಳದ ಬೇರಿಗೂ ಗಂಟು ಹಾಕಿಕೊಂಡು ಜೋತಾಡುತ್ತಿತ್ತು.

"ನಿನ್ನ ಹೊಲದಲ್ಲಿ ಊರೇ ಇದೆಯಲ್ಲೇ ಅಕ್ಕಾ!" ಎಂದ ದೇಸಪ್ಪ.

"ನನಗೇ ಗೊತ್ತಿರಲಿಲ್ಲ ಕಣೋ," ಎಂದಳು ಬೊಮ್ಮಕ್ಕ. ಅವಳ ಕಣ್ಣು ಅರಳಿತ್ತು.

"ಹುಳ ಇದ್ದರೆ ಆಯಿತೇ?" ಎಂದ ಬೆಳ್ಳಕ್ಕಿರಾಯ. ಅವನು ಅಷ್ಟು ಹೊತ್ತೂ ಬಾಯಿ ಬಿಗಿಹಿಡಿದು, ಜೊಲ್ಲು ನುಂಗಿಕೊಂಡು ನಿಂತಿದ್ದ. "ಮಣ್ಣಿಗೆ ಅದರಿಂದ ಏನು ಬಂತು?"

"ಎರಡೂ ಹೊಲದಿಂದ ಒಂದೊಂದು ಮಣ್ಣಿನ ಹೆಂಟೆ ತನ್ನಿ," ಎಂದಳು ಎರೆಯವ್ವ. "ಎರಡು ಬುರುಡೆ ನೀರು ತನ್ನಿ."

ಸೋರೆಬುರುಡೆಯ ನೀರಿಗೆ ದೇಸಪ್ಪನ ಹೊಲದ ಹೆಂಟೆ ಹಾಕಿದರು. ಅದು ಹಾಲಿಗೆ ಬಿದ್ದ ಬೆಲ್ಲದ ಪುಡಿಯ ಹಾಗೆ ಕರಗಿ, ನೀರೆಲ್ಲ ರಾಡಿಯಾಯಿತು. ಇನ್ನೊಂದು ಬುರುಡೆಗೆ ಬೊಮ್ಮಕ್ಕನ ಹೊಲದ ಹೆಂಟೆ ಹಾಕಿದರು. ಅದು ನೀರು ಕುಡಿದು, ಎರಡು ಗುಳ್ಳೆ ಬಿಟ್ಟು, ಊಟವಾದ ಮೇಲೆ ಅಜ್ಜಿ ಕೂತ ಹಾಗೆ ಸುಮ್ಮನೆ ಕೂತಿತು. ನೀರು ತಿಳಿಯಾಗಿಯೇ ಇತ್ತು.

"ನಮ್ಮ ಮನೆಯವರು ಹಿಡಿದು ಕೂಡಿಸಿದ ಮಣ್ಣು ಹಾಗೆಲ್ಲ ಬಿಟ್ಟು ಹೋಗುವುದಿಲ್ಲ," ಎಂದಳು ಎರೆಯವ್ವ. "ಮಳೆ ಬಂದರೆ ಕುಡಿಯುತ್ತದೆ, ಕೊಚ್ಚಿಕೊಂಡು ಹೋಗುವುದಿಲ್ಲ."

"ಅದಕ್ಕೇ!" ಎಂದಿತು ದೂರದಿಂದ ಹಳ್ಳ. "ದೇಸಪ್ಪನ ಹೊಲದ ಮಣ್ಣನ್ನು ಹೊತ್ತೂ ಹೊತ್ತೂ ನನ್ನ ಸೊಂಟ ಬಿದ್ದು ಹೋಯಿತು!"

"ಎಲ್ಲ ಸರಿ," ಎಂದ ಬೆಳ್ಳಕ್ಕಿರಾಯ. "ಎಲೆ ಎಲ್ಲಿ? ಅದನ್ನು ಹೇಳಲಿ. ಈ ಬಿಲದ ಬಾಯಲ್ಲಿ ಎಲೆ ಇಲ್ಲ. ಇರುವುದು ಬರೀ ಹಿಕ್ಕೆ."

ಎರೆಯವ್ವನ ಬಿಲದ ಬಾಯಲ್ಲಿ ಮಣಿ ಪೋಣಿಸಿದ ಹಾಗೆ ಸಣ್ಣ ಸಣ್ಣ ಗುಳಿಗೆಗಳ ಒಂದು ಗುಪ್ಪೆ ಇತ್ತು. ಎಲ್ಲರೂ ಅದನ್ನೇ ನೋಡಿದರು.

ಎರೆಯವ್ವನ ಮೈ ಬಿಸಿಲಿಗೆ ಒಣಗತೊಡಗಿತ್ತು. ಆದರೂ ಅವಳು ಇನ್ನಷ್ಟು ನೆಟ್ಟಗಾದಳು.

"ನಮ್ಮ ಮನೆಯಲ್ಲಿ ಅದಕ್ಕೆ ಹಿಕ್ಕೆ ಎನ್ನುವುದಿಲ್ಲ ರಾಯರೇ, ಮಣ್ಣು ಎನ್ನುತ್ತೇವೆ. ಎಲೆ ಒಳಗೆ ಹೋದದ್ದು ನಿಜ. ನಾನೇ ಎಳೆದುಕೊಂಡು ಹೋದದ್ದು ನಿಜ. ಹೊರಗೆ ಬಂದದ್ದು ಇದು. ಬೊಮ್ಮಕ್ಕನ ಜೋಳ ಉಂಡದ್ದು ಇದನ್ನೇ. ಜಗತ್ತಿನ ಮೊದಲ ದಿನದಿಂದ ಇದೇ ನಮ್ಮ ಅಡುಗೆ. ನೀವು ಈಗ ಕಾಲೂರಿ ನಿಂತಿರುವುದೂ ಅದರ ಮೇಲೆಯೇ."

ಬೆಳ್ಳಕ್ಕಿರಾಯ ತಟ್ಟನೆ ಒಂದು ಕಾಲು ಎತ್ತಿಕೊಂಡ.

ಬೊಮ್ಮಕ್ಕ ಬಗ್ಗಿ ಆ ಗುಳಿಗೆಗಳನ್ನು ಅಂಗೈಗೆ ತೆಗೆದುಕೊಂಡಳು. ಮೂಸಿದಳು. ಅವಳ ಮುಖ ಕೆಂಪಾಯಿತು. "ತಾಯಿ, ನಾನೂ ನಿಮ್ಮನ್ನು ಅನುಮಾನಿಸಿದೆ. ನನ್ನ ಹೊಲದ ಅಡುಗೆಮನೆಯಲ್ಲಿ ದುಡಿಯುವವರನ್ನೇ ಕಳ್ಳರು ಎಂದುಕೊಂಡೆ. ತಪ್ಪಾಯಿತು." ಬಿಸಿಲು ತಾಗದ ಹಾಗೆ ಒಂದು ಒದ್ದೆ ಎಲೆಯನ್ನು ಎರೆಯವ್ವನ ಮೈಮೇಲೆ ಹೊದಿಸಿದಳು.

"ನನ್ನದೂ ತಪ್ಪಾಯಿತು," ಎಂದ ದೇಸಪ್ಪ. ಕಲ್ಲಿನ ಮೇಲಿದ್ದ ಕೊಳ್ಳಿಗೆ ಬುರುಡೆಯ ರಾಡಿ ನೀರು ಸುರಿದ. ಅದು ಚುಂಯ್ ಎಂದು ಆರಿತು. "ಅಕ್ಕಾ, ನನಗೂ ಒಂದು ಹೊರೆ ಎಲೆ ಕೊಡು. ನನ್ನ ಹೊಲಕ್ಕೂ ಹೊದಿಕೆ ಹಾಕುತ್ತೇನೆ. ತೊಗರಿ ಬೀಜವೂ ಬೇಕು."

"ಬೋಳು ತಲೆಗೆ ಕೂದಲು ಬರಲು ನಾಲ್ಕಾರು ವರ್ಷ ಬೇಕು," ಎಂದು ಬೊಮ್ಮಕ್ಕ ನಕ್ಕಳು.

"ಕಾಯುತ್ತೇನೆ ಬಿಡು. ನಿನ್ನ ನಾಲಿಗೆಯನ್ನು ಇಷ್ಟು ದಿನ ತಡೆದುಕೊಂಡಿಲ್ಲವೇ?"

"ನನಗೆ ಈಗಲೇ ಬೆನ್ನು ಹಗುರಾಯಿತು ಮಕ್ಕಳೇ," ಎಂದಳು ಭೂಮಿತಾಯಿ. ಅವಳು ಸಂತೋಷದಿಂದ ಒಂದು ದೊಡ್ಡ ಉಸಿರು ಬಿಟ್ಟಳು. ಆ ಉಸಿರು ಮೇಲಕ್ಕೆ ಏರಿ ಮೋಡವಾಯಿತು. ಮೋಡ ಕಪ್ಪಾಯಿತು. ಟಪ್ ಎಂದು ಮೊದಲ ಹನಿ ಬಿತ್ತು. ಎರೆಯವ್ವನ ಹನ್ನೊಂದು ಮೊಟ್ಟೆಗೂಡುಗಳು ಎಲೆಯ ಕೆಳಗೆ ತಂಪಾಗಿ ಮಲಗಿದ್ದವು.

ಸಗಣಿಹುಳ ಕುಣಿಯಿತು. ಇರುವೆಗಳು ಗೂಡಿಗೆ ಓಡಿದವು. ಅಕ್ಕ ತಮ್ಮ ಇಬ್ಬರೂ ಮಳೆಗೆ ಹೊದೆಯುವ ಒಂದೇ ಗೊರಬಿನ ಕೆಳಗೆ ತಲೆ ತೂರಿಸಿಕೊಂಡು ನಿಂತರು.

ಎರೆಯವ್ವ ಮಾತ್ರ ಕದಲಲಿಲ್ಲ.

"ಬೆಳ್ಳಕ್ಕಿರಾಯರೇ," ಎಂದಳು. "ಎಲ್ಲರೂ ಹೇಳಿದರು. ನೀವು ಹೇಳಲಿಲ್ಲ."

"ನಾನು ಎಣಿಸಿದ್ದರಲ್ಲಿ ತಪ್ಪೇನಿಲ್ಲ," ಎಂದ ಬೆಳ್ಳಕ್ಕಿರಾಯ. "ಅರವತ್ತಮೂರು ಎಂದರೆ ಅರವತ್ತಮೂರೇ."

"ಆ ಅರವತ್ತಮೂರರಲ್ಲಿ ನನ್ನ ಸೋದರಮಾವನ ಮನೆಯವರೂ ಇದ್ದರು. ಅದೊಂದು. ನನ್ನನ್ನು ಕಳ್ಳಿ ಎಂದಿರಿ. ಅದೊಂದು. ಎರಡಕ್ಕೂ ಸೇರಿಸಿ ಒಂದು ಸಲ ಹೇಳಿದರೆ ಸಾಕು."

ಬೆಳ್ಳಕ್ಕಿರಾಯ ಕತ್ತನ್ನು ಮುಂದೆ ಚಾಚಿದ. ಆ ಮಾತು ಗಂಟಲವರೆಗೂ ಬಂತು. ಕತ್ತನ್ನು ಹಿಂದೆ ಎಳೆದುಕೊಂಡ. ಮತ್ತೆ ಚಾಚಿದ. ಮತ್ತೆ ಎಳೆದುಕೊಂಡ.

"ಈಗ ಮಳೆ," ಎಂದ ಕೊನೆಗೆ. "ನನ್ನ ಬಿಳಿಯ ಉಡುಪು ನೆನೆಯುತ್ತದೆ. ಮಳೆ ನಿಂತ ಮೇಲೆ ಬಂದು ಹೇಳುತ್ತೇನೆ." ಹೀಗೆಂದು ಹಾರಿ ಹೋದ.

"ಮಳೆ ನಿಂತ ಮೇಲೆ," ಎಂದಳು ಎರೆಯವ್ವ. "ನೆನಪಿರಲಿ. ನಾನು ಹೊರಗೇ ಇರುತ್ತೇನೆ."

"ಅವನು ಹೇಳುತ್ತಾನೆ ಅಂತ ನಂಬಿದ್ದೀಯಾ?" ಎಂದಿತು ಗಾಳಿ. ಕೂಡಲೇ ನಾಲಿಗೆ ಕಚ್ಚಿಕೊಂಡು, "ನಂಬಿದ್ದೀರಾ?" ಎಂದಿತು.

"ನಂಬುವ ಮಾತಲ್ಲ," ಎಂದಳು ಎರೆಯವ್ವ. "ಕೊಟ್ಟ ಮಾತನ್ನು ನಡೆಸಲು ಅವರಿಗೆ ಅವಕಾಶ ಕೊಡುತ್ತಿದ್ದೇನೆ. ನಮ್ಮ ಮನೆಯಲ್ಲಿ ಹಾಗೇ ರೂಢಿ."

ಆ ಮಳೆ ನಿಂತಿತು. ಎಷ್ಟೋ ಮಳೆ ಬಂದು ಎಷ್ಟೋ ಮಳೆ ನಿಂತವು. ದೇಸಪ್ಪನ ಹೊಲದ ಒಂದು ಗೇಣಿನಲ್ಲೂ ಮೆರವಣಿಗೆ ಹೊರಡುವ ಕಾಲ ಬಂತು. ಬೆಳ್ಳಕ್ಕಿರಾಯ ಮಾತ್ರ ಇನ್ನೂ ಹೇಳಿಲ್ಲ. ಇಂದಿಗೂ ಅವನು ನೇಗಿಲಿನ ಹಿಂದೆ ಹೋಗುವಾಗ ನೋಡಿ, ಕತ್ತು ಮುಂದೆ, ಕತ್ತು ಹಿಂದೆ. ಮಾತು ಗಂಟಲಿಗೆ ಬರುತ್ತದೆ, ಬಾಯಿ ತೆರೆಯುತ್ತದೆ, ಅಷ್ಟರಲ್ಲಿ ಒಂದು ಹುಳ ಕಾಣುತ್ತದೆ. ಗುಳುಂ.

ಇಂದಿಗೂ ಮಳೆ ನಿಂತ ಮೇಲೆ ಅಂಗಳಕ್ಕೆ ಹೋಗಿ ನೋಡಿ, ಒದ್ದೆ ನೆಲದ ಮೇಲೆ ಎರೆಯವ್ವನ ಮನೆಯವರು ಬಂದು ತಲೆ ತುಸು ಎತ್ತಿ ಕಾಯುತ್ತಿರುತ್ತಾರೆ. ಅವರು ದಾರಿ ತಪ್ಪಿ ಬಂದವರಲ್ಲ. ದಾಟಿ ನಡೆಯಿರಿ, ಕಡ್ಡಿಯಿಂದ ತಿವಿಯಬೇಡಿ. ಜಗತ್ತು ಹೊಸದಾಗಿದ್ದ ದಿನದಿಂದ ಅವರು ಕೇಳುತ್ತಿರುವುದು ಒಂದೇ ಮಾತು:

"ಕ್ಷಮೆ ಕೇಳಿ."